ಈ ವರ್ಷ ಅಧ್ಯಕ್ಷರಾಗಿ ಯಾರನ್ನು ಆರಿಸುತ್ತೀರಿ?



ಶಾಲೆ ತೆರೆದು ಕೆಲವು ವಾರ ಕಳೆಯುವಷ್ಟರಲ್ಲಿ ರಕ್ಷಕ ಶಿಕ್ಷಕ ಸಂಘದ ಮಹಾಸಭೆಯ ನೋಟೀಸು ಮಕ್ಕಳ ಚೀಲದಲ್ಲಿ ಮನೆಗೆ ಬರುತ್ತದೆ. ವರದಿ ಓದಿ, ಲೆಕ್ಕಪತ್ರ ಮಂಡಿಸಿ ಆದ ಮೇಲೆ ಹೊಸ ಸಮಿತಿಯ ಆಯ್ಕೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಆ ಹೊತ್ತಿಗೆ ಬೀಳುವ ಮೌನ ನಮಗೆಲ್ಲ ಪರಿಚಿತವೇ. ಹಿಂದಿನ ಸಾಲಿನವರು ನೆಲ ನೋಡುತ್ತಾರೆ. ಯಾರೋ ಒಬ್ಬರು ಚೆನ್ನಾಗಿ ಮಾತನಾಡಬಲ್ಲವರ ಹೆಸರನ್ನು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆಯಾಗುತ್ತದೆ, ಎಲ್ಲರೂ ಚಹಾಕ್ಕೆ ಏಳುತ್ತಾರೆ. ಒಂದು ಶಾಲೆಯ ಕನ್ನಡ ವಿಭಾಗ ಮುಂದಿನ ವರ್ಷ ಇರುತ್ತದೆಯೋ ಇಲ್ಲವೋ ಎಂಬುದರಲ್ಲಿ ಅರ್ಧಪಾಲು ಆ ಐದು ನಿಮಿಷಗಳಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ ಎಂಬುದು ನನ್ನ ದೃಢವಾದ ಅನಿಸಿಕೆ.

ನನ್ನ ಮಕ್ಕಳಿಬ್ಬರೂ ಕನ್ನಡ ಮಾಧ್ಯಮದಲ್ಲೇ ಹತ್ತನೆಯ ತರಗತಿಯವರೆಗೆ ಓದಿದವರು. ಅವರು ಶಾಲೆಯಲ್ಲಿದ್ದ ಕಾಲದಲ್ಲಿ ಹನ್ನೊಂದು ವರ್ಷ ಇಂಥ ಸಮಿತಿಗಳಲ್ಲಿ ಕುಳಿತಿದ್ದೇನೆ, ಅದರಲ್ಲಿ ಮೂರು ವರ್ಷ ಅಧ್ಯಕ್ಷನಾಗಿ. ನಾಯಕತ್ವವೆಂಬ ಪದ ಈಗ ಬಹಳ ದುಬಾರಿಯಾಗಿದೆ. ಪೇಟೆಯ ಪುಸ್ತಕದಂಗಡಿಗಳಲ್ಲಿ ಅದಕ್ಕೆಂದೇ ಒಂದು ಕಪಾಟು ಇರುತ್ತದೆ. ಆ ಪುಸ್ತಕಗಳಲ್ಲಿ ಇರುವುದು ಕಂಪೆನಿ ಕಟ್ಟಿದವರ, ಸೈನ್ಯ ನಡೆಸಿದವರ ಕಥೆ. ಅವರ ಕೈಯಲ್ಲಿ ಹಣವಿತ್ತು, ಆಜ್ಞೆ ಮಾಡುವ ಅಧಿಕಾರವಿತ್ತು. ನಮಗೆ ಎರಡೂ ಇಲ್ಲ. ಚುನಾವಣೆಯ ಲೆಕ್ಕದಲ್ಲಿ ಬಹುಮತವೂ ಇಲ್ಲ. ಇವು ಯಾವುವೂ ಇಲ್ಲದವನ ಬಳಿ ಉಳಿಯುವುದು ಅವನ ಅಭ್ಯಾಸಗಳು ಮಾತ್ರ. ಆದ್ದರಿಂದ ಭಾಷಾ ಅಲ್ಪಸಂಖ್ಯಾತರ ಶಾಲೆಗೆ ಮುಂದಾಳುವನ್ನು ಆರಿಸುವಾಗ ಆತನ ಕಂಠವನ್ನಲ್ಲ, ದಿನಚರಿಯನ್ನು ನೋಡಬೇಕು ಎಂದು ಹೇಳುವುದಕ್ಕಾಗಿ ಈ ದೀರ್ಘ ಬರಹ.

ಮೊದಲು ಎಣಿಕೆಯ ಮಾತು. ಸಂವಿಧಾನದ 350ಎ ವಿಧಿ ನಮಗೆ ಬಾಯಿಪಾಠ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಸಲು ತಕ್ಕಷ್ಟು ಸೌಲಭ್ಯ ಒದಗಿಸುವುದಕ್ಕೆ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕು. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ, ರಾಜ್ಯಗಳ ಪುನರ್ವಿಂಗಡಣೆಯ ಜೊತೆಯಲ್ಲೇ ಬಂದ ವಿಧಿಯಿದು. ವೇದಿಕೆಯಲ್ಲಿ ಇದನ್ನು ಉದ್ಧರಿಸದ ಭಾಷಣಕಾರರಿಲ್ಲ. ಆದರೆ ಇದಕ್ಕಿಂತಲೂ ಹಳೆಯದೊಂದು ಲೆಕ್ಕವಿದೆ, ಅದನ್ನು ಹೇಳುವವರು ಕಡಿಮೆ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರದಂತೆ ಒಂದು ತರಗತಿಯಲ್ಲಿ 10 ಮಕ್ಕಳು, ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಆ ಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸುವ ಅಧ್ಯಾಪಕರನ್ನು ಕೊಡಬೇಕು. ಮುಂದೆ ಸೇರಿದ ರಕ್ಷಣಾ ವ್ಯವಸ್ಥೆಗಳಲ್ಲಿ ಇನ್ನೊಂದು ಮಾತೂ ಬಂತು. ಶಾಲಾ ವರ್ಷ ಆರಂಭವಾಗುವ ಮೂರು ತಿಂಗಳ ಮೊದಲೇ ಮಾಧ್ಯಮದ ಬೇಡಿಕೆಯನ್ನು ಬರೆದುಕೊಳ್ಳುವ ಮುಂಗಡ ರಿಜಿಸ್ಟರು ಶಾಲೆಗಳಲ್ಲಿರಬೇಕು. ಒಂದು ಶಾಲೆಯಲ್ಲಿ ಮಕ್ಕಳ ಸಂಖ್ಯೆ ಸಾಲದಿದ್ದರೆ ಅಕ್ಕಪಕ್ಕದ ಶಾಲೆಗಳ ನಡುವೆ ಹೊಂದಾಣಿಕೆ ಮಾಡಿಕೊಡಬೇಕು.

ನಮ್ಮ ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಹಾಜರಿ ಲೆಕ್ಕಕ್ಕೆ ಎಷ್ಟು ಮಹತ್ವವಿದೆಯೆಂದು ಇಲ್ಲಿನ ಅಧ್ಯಾಪಕರೆಲ್ಲ ಬಲ್ಲರು. ಅಧ್ಯಾಪಕ ಹುದ್ದೆಗಳು ಆ ಎಣಿಕೆಯ ಮೇಲೆ ನಿಂತಿವೆ. ಹಾಗಾದರೆ ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ‘ಡಿವಿಷನ್ ಹೋಯಿತು, ಅನ್ಯಾಯವಾಯಿತು’ ಎಂದು ಓಡಾಡುವವರು ನಾಯಕರೋ, ಏಪ್ರಿಲ್ ಬಿಸಿಲಿನಲ್ಲಿ ಹಲಸಿನ ಹಣ್ಣಿನ ಕಾಲಕ್ಕೆ ಮನೆಮನೆಯ ಚಿಟ್ಟೆಯಲ್ಲಿ ಕುಳಿತು ‘ನಿಮ್ಮ ಮಗುವಿಗೆ ಈ ವರ್ಷ ಐದು ತುಂಬಿತಲ್ಲ?’ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವವರು ನಾಯಕರೋ? ಮೊದಲಿನವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಎರಡನೆಯವರು ಬರೆದಿಟ್ಟ ಹತ್ತನೆಯ ಮಗುವಿನಿಂದ ತರಗತಿ ಉಳಿಯುತ್ತದೆ. ತಾಳವಾಡಿಯಲ್ಲಿರಲಿ, ಹೊಸೂರಿನಲ್ಲಿರಲಿ, ಅಕ್ಕಲಕೋಟೆ, ಜತ್ತಿನಲ್ಲಿರಲಿ, ರಾಜ್ಯದಿಂದ ರಾಜ್ಯಕ್ಕೆ ನಿಯಮದ ವಿವರ ಬೇರೆಯಾದೀತು. ಮಕ್ಕಳ ತಲೆ ಎಣಿಸಿಯೇ ಹುದ್ದೆ ಕೊಡುವ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ.

ಮನೆಗಳಿಗೆ ಹೋಗುವುದೆಂದರೆ ಹೇಳುವುದಕ್ಕಿಂತ ಕೇಳುವುದೇ ಹೆಚ್ಚು. ಇಲ್ಲಿನ ಕನ್ನಡ ಶಾಲೆಗೆ ಬರುವ ಮಕ್ಕಳ ಮನೆಮಾತು ಕನ್ನಡವೇ ಆಗಿರಬೇಕೆಂದಿಲ್ಲ. ತುಳು, ಹವಿಗನ್ನಡ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಎಲ್ಲವೂ ಉಂಟು. ಒಂದು ಮನೆಯಲ್ಲಿ ತಂದೆ ಗಲ್ಫಿನಿಂದ ಫೋನಿನಲ್ಲೇ ಕೇಳುತ್ತಾನೆ: ‘ಕನ್ನಡ ಕಲಿತು ಕೇರಳದಲ್ಲಿ ಅವನಿಗೆ ಯಾವ ಕೆಲಸ ಸಿಗುತ್ತದೆ?’ ಈ ಪ್ರಶ್ನೆ ಕೇಳಿದೊಡನೆ ಭಾಷಾಭಿಮಾನದ ಉಪನ್ಯಾಸ ಆರಂಭಿಸುವವರನ್ನು ನಾನು ಕಂಡಿದ್ದೇನೆ. ಆ ಮನೆಯ ಮಗು ಮರುದಿನ ಇಂಗ್ಲಿಷ್ ಮಾಧ್ಯಮದ ಬಸ್ಸು ಹತ್ತಿದ್ದನ್ನೂ ಕಂಡಿದ್ದೇನೆ. ಆ ತಂದೆ ಕೇಳಿದ್ದು ಹೊಟ್ಟೆಯ ಪ್ರಶ್ನೆ, ಅದಕ್ಕೆ ತಕ್ಕ ಉತ್ತರವೇ ಬೇಕು. ಈ ಶಾಲೆಯಲ್ಲಿ ಮಲಯಾಳ ಹೇಗೆ ಕಲಿಸುತ್ತಾರೆ, ಇಂಗ್ಲಿಷ್ ಎಷ್ಟು ಕಲಿಸುತ್ತಾರೆ, ಕಳೆದ ವರ್ಷ ಹತ್ತನೆಯ ತರಗತಿ ಮುಗಿಸಿದವರು ಈಗ ಎಲ್ಲಿ ಓದುತ್ತಿದ್ದಾರೆ ಎಂದು ಹೆಸರು ಹಿಡಿದು ಹೇಳಬಲ್ಲವರು ಮಾತ್ರ ಆ ಚಿಟ್ಟೆಯಲ್ಲಿ ಕುಳಿತುಕೊಳ್ಳಬೇಕು.

ತಾಳಮದ್ದಳೆ ಕೇಳಿ ಬೆಳೆದ ಸೀಮೆ ನಮ್ಮದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೊಟ್ಟ ನೆಲ. ಎದುರಿನವನ ಅರ್ಥವನ್ನು ಕೊನೆಯ ಮಾತಿನವರೆಗೆ ಕೇಳಿಸಿಕೊಳ್ಳದವನಿಗೆ ಅದನ್ನು ಖಂಡಿಸಲು ಎಳೆ ಸಿಗುವುದಿಲ್ಲ ಎಂಬುದು ರಾತ್ರಿಯಿಡೀ ಕುಳಿತು ಕೇಳಿದವರಿಗೆ ಗೊತ್ತಿರುವ ಸತ್ಯ. ಸಭೆಗಳಲ್ಲಿ ಮಾತ್ರ ನಾವು ಇದನ್ನು ಹೇಗೆ ಮರೆಯುತ್ತೇವೋ ತಿಳಿಯದು.

ಈಗ ಒಬ್ಬ ತಾಯಿಯ ವಿಚಾರ ಹೇಳಬೇಕು. ಹೆಸರು, ಊರು ಬೇಡ. ನಮ್ಮ ಕಡೆಯ ಒಂದು ಪ್ರೌಢಶಾಲೆಯ ಕನ್ನಡ ವಿಭಾಗಕ್ಕೆ ಗಣಿತ ಕಲಿಸಲು ಕನ್ನಡ ತಿಳಿಯದ ಅಧ್ಯಾಪಿಕೆಯೊಬ್ಬರು ಬಂದರು. ಈ ಬರಹ ಓದುತ್ತಿರುವ ಕಾಸರಗೋಡಿನ ಹೆತ್ತವರಿಗೆ ಇಂಥದು ಹೊಸತೇನಲ್ಲ. ಪಾಠ ಮಲಯಾಳದಲ್ಲಿ, ಪಠ್ಯಪುಸ್ತಕ ಕನ್ನಡದಲ್ಲಿ. ಮಕ್ಕಳು ಹಲಗೆಯ ಮೇಲಿನ ಅಂಕಿಗಳನ್ನು ನಕಲು ಮಾಡಿಕೊಂಡು ಮನೆಗೆ ಬರುತ್ತಿದ್ದರು. ನಾವು ಸೇರಿದೆವು, ಮನವಿ ಬರೆದೆವು, ಶಾಲೆಯ ಗೇಟಿನೆದುರು ಧರಣಿ ಕುಳಿತೆವು. ಭಾಷಣಗಳಾದವು. ಪತ್ರಿಕೆಯವರು ಬಂದು ಹೋದರು. ತಿಂಗಳುಗಳು ಕಳೆದವು.

ಕೊನೆಗೆ ಒಂದು ಕಚೇರಿಯಲ್ಲಿ ವಿಚಾರಣೆಗೆ ಕರೆದರು. ಹನ್ನೆರಡು ಮಂದಿ ಹೋಗಿದ್ದೆವು. ಮೇಜಿನಾಚೆಯ ಅಧಿಕಾರಿ ಸಭ್ಯವಾಗಿಯೇ ಕೇಳಿದರು: ‘ಎಷ್ಟು ಪೀರಿಯಡ್ ಪಾಠ ಆಗಿಲ್ಲ? ಯಾವ ಯಾವ ಅಧ್ಯಾಯ?’ ನಾವು ಒಂದೇ ದನಿಯಲ್ಲಿ ‘ಜೂನ್‌ನಿಂದಲೇ ಸಾರ್, ಏನೂ ಆಗಿಲ್ಲ’ ಎಂದೆವು. ಅವರ ಮುಖ ಬದಲಾಗಲಿಲ್ಲ. ಏನೂ ಆಗಿಲ್ಲ ಎಂಬ ದೂರನ್ನು ಅವರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಿರಬಹುದು. ಆಗ ಬಾಗಿಲ ಬಳಿ ನಿಂತಿದ್ದ ಆ ತಾಯಿ ಮುಂದೆ ಬಂದು ಚೀಲದಿಂದ ಒಂದು ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

ಅವರು ಬೀಡಿ ಕಟ್ಟುವವರು. ಓದಿದ್ದು ಏಳನೆಯ ತರಗತಿ. ದಿನವೂ ಸಂಜೆ ಮಗಳು ಮನೆಗೆ ಬಂದಾಗ ಮೂರೇ ಪ್ರಶ್ನೆ ಕೇಳುತ್ತಿದ್ದರಂತೆ: ಇಂದು ಗಣಿತ ಎಷ್ಟನೆಯ ಪೀರಿಯಡ್, ಟೀಚರ್ ಯಾವ ಪಾಠ ಮಾಡಿದರು, ನಿನಗೆ ಯಾವುದು ಗೊತ್ತಾಗಲಿಲ್ಲ. ಉತ್ತರವನ್ನು ತಾರೀಕು ಹಾಕಿ ಒಂದೊಂದು ಸಾಲು ಬರೆದಿದ್ದರು. ಅರುವತ್ತೊಂದು ಸಾಲುಗಳಿದ್ದವು. ಟೀಚರ್ ರಜೆಯಿದ್ದ ದಿನ ‘ರಜೆ’ ಎಂದೂ, ಮಗಳಿಗೆ ಚೆನ್ನಾಗಿ ಅರ್ಥವಾಗಿದ್ದ ದಿನ ‘ಇಂದು ಗೊತ್ತಾಯಿತು’ ಎಂದೂ ಇತ್ತು. ಹಾಗೆ ಗೊತ್ತಾದ ದಿನಗಳು ನಾಲ್ಕು. ಅಧಿಕಾರಿಗೆ ಕನ್ನಡ ಬಾರದು. ಗುಮಾಸ್ತರನ್ನು ಕರೆಸಿ ಓದಿಸಿ ಮಲಯಾಳದಲ್ಲಿ ಹೇಳಿಸಿಕೊಂಡರು. ಆ ನಾಲ್ಕು ಸಾಲುಗಳನ್ನು ಓದಿದಾಗ ಅವರು ತಲೆಯೆತ್ತಿ ಆ ತಾಯಿಯನ್ನು ನೋಡಿದರು. ತಮಗೆ ಅನುಕೂಲವಲ್ಲದ್ದನ್ನೂ ಬರೆದಿಟ್ಟ ಪುಸ್ತಕವಾದುದರಿಂದ ಉಳಿದ ಐವತ್ತೇಳು ಸಾಲುಗಳಿಗೆ ಬೆಲೆ ಬಂತು ಎಂದು ನಾನು ತಿಳಿದಿದ್ದೇನೆ.

‘ಇದನ್ನು ಬರೆಯಬೇಕೆಂದು ನಿಮಗೆ ಯಾರು ಹೇಳಿದರು ಅಕ್ಕಾ?’ ಎಂದು ಬಸ್ಸಿನಲ್ಲಿ ಕೇಳಿದೆ. ‘ಯಾರೂ ಹೇಳಲಿಲ್ಲ ಅಣ್ಣಾ. ಬ್ರಾಂಚಿಗೆ ಬೀಡಿ ಕೊಡುವಾಗ ಲೆಕ್ಕ ನಾವೇ ಬರೆದಿಟ್ಟುಕೊಳ್ಳದಿದ್ದರೆ ಅವರು ಹೇಳಿದ್ದೇ ಲೆಕ್ಕ ಆಗುತ್ತದಲ್ಲ’ ಎಂದರು.

ಎರಡು ವಾರದೊಳಗೆ ದಿನಗೂಲಿಯ ಆಧಾರದಲ್ಲಿ ಕನ್ನಡ ಬಲ್ಲ ಅಧ್ಯಾಪಕರೊಬ್ಬರು ಬಂದರು. ಹಿಂದಿನವರಿಗೆ ಮಲಯಾಳ ವಿಭಾಗದ ತರಗತಿಗಳನ್ನು ಕೊಟ್ಟರು. ಪೂರ್ಣ ಜಯವೆಂದು ಹೇಳಲಾರೆ. ಜೂನ್‌ನಿಂದ ಅಕ್ಟೋಬರಿನವರೆಗಿನ ಪಾಠವನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ಆ ವರ್ಷದ ಮಕ್ಕಳಲ್ಲಿ ಕೆಲವರು ಗಣಿತವನ್ನು ಕಂಡರೆ ಇಂದಿಗೂ ಹಿಂಜರಿಯುತ್ತಾರೆ.

ಅದೇ ತಾಯಿಯ ಇನ್ನೊಂದು ನಡತೆಯನ್ನೂ ಹೇಳಬೇಕು. ಧರಣಿಯ ಎರಡನೆಯ ದಿನ ಯುವಕರಲ್ಲಿ ಕೆಲವರು ಆ ಅಧ್ಯಾಪಿಕೆಯ ಹೆಸರು ಹಿಡಿದು ಘೋಷಣೆ ಕೂಗಲು ಆರಂಭಿಸಿದರು. ಇವರು ಎದ್ದುಹೋಗಿ, ‘ಅವರ ಹೆಸರು ಬೇಡ ಮಕ್ಕಳೇ. ಅವರೂ ಒಂದು ಮನೆಯ ಮಗಳು, ಕಳುಹಿಸಿದಲ್ಲಿಗೆ ಬಂದಿದ್ದಾರೆ’ ಎಂದರು. ಘೋಷಣೆ ನಿಂತಿತು. ತೆಂಕಣ ಜಿಲ್ಲೆಯಿಂದ ಬಂದು, ಭಾಷೆ ತಿಳಿಯದ ಮಕ್ಕಳ ಮುಂದೆ ನಿಂತ ಆ ಹುಡುಗಿಗೂ ಆ ತಿಂಗಳುಗಳು ಸುಖದವಾಗಿರಲಿಲ್ಲ. ವ್ಯವಸ್ಥೆಯ ತಪ್ಪನ್ನೂ ವ್ಯಕ್ತಿಯನ್ನೂ ಬೇರೆ ಮಾಡಿ ನೋಡುವ ಈ ಮನೋಧರ್ಮ ಗಡಿನಾಡಿನಲ್ಲಿ ಬರಿಯ ಸಜ್ಜನಿಕೆಯಲ್ಲ, ನಮ್ಮ ಬದುಕಿಗೆ ಬೇಕಾದ ವಿವೇಕ. ನಾಳೆಯೂ ಅದೇ ಬಸ್ಸಿನಲ್ಲಿ, ಅದೇ ಸಂತೆಯಲ್ಲಿ, ಅದೇ ಸ್ಟಾಫ್ ರೂಮಿನಲ್ಲಿ ಒಟ್ಟಿಗೆ ಇರಬೇಕಾದವರು ನಾವು.

ಇಲ್ಲಿಂದ ಇನ್ನೊಂದು ವಿಚಾರಕ್ಕೆ ಬರುತ್ತೇನೆ. ಕಚೇರಿಯ ಮೆಟ್ಟಿಲು ಹತ್ತುವಾಗ ನಮ್ಮಲ್ಲಿ ಅನೇಕರು ಎರಡು ಭಾವಗಳಲ್ಲಿ ಒಂದನ್ನು ಹೊತ್ತಿರುತ್ತಾರೆ: ಬೇಡುವವನ ದೈನ್ಯ, ಇಲ್ಲವೆ ಜಗಳಕ್ಕೆ ಬಂದವನ ಬಿಗುಪು. ಎರಡೂ ಕೆಲಸಕ್ಕೆ ಬಾರವು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಮೂರನೆಯ ಕಲಮು, ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟಿಗೂ ಇಲಾಖಾ ಮುಖ್ಯಸ್ಥರಿಗೂ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದಲ್ಲಿನ ಸ್ಥಳೀಯ ಕಚೇರಿಗಳಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಇದನ್ನು ಓದಿಕೊಂಡು ಹೋದವನ ನಡಿಗೆಯೇ ಬೇರೆ. ಅವನು ಬೇಡುವುದಿಲ್ಲ, ಕೂಗುವುದೂ ಇಲ್ಲ. ಕನ್ನಡದಲ್ಲಿ ಬರೆದ ಮನವಿಯನ್ನು ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುತ್ತಾನೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಿದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. 31ನೆಯ ದಿನ ಮೇಲ್ಮನವಿ ಬರೆಯಲು ಕುಳಿತುಕೊಳ್ಳುವ ಅಭ್ಯಾಸ ಯಾರಿಗಿದೆಯೋ ಅವರನ್ನು ಸಮಿತಿಯಲ್ಲಿ ಬಿಡಬೇಡಿ.

ಕಾಯ್ದೆಯಲ್ಲಿ ಹಕ್ಕಿದೆಯೆಂದು ಮಲಯಾಳ ಕಲಿಯದೆ ಕುಳಿತುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ತಮಿಳುನಾಡಿನಲ್ಲಿ 2006ರಲ್ಲಿ, ಕೇರಳದಲ್ಲಿ 2017ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆಗಳು ಬಂದವು. ಅವುಗಳಲ್ಲಿ ನಮಗೆ ಆತಂಕ ತರುವ ಅಂಶಗಳಿವೆ. ಅವನ್ನು ನ್ಯಾಯಾಲಯದವರೆಗೂ ಒಯ್ದದ್ದುಂಟು. ಆದರೆ ಆ ರಾಜ್ಯದ ಭಾಷೆಯನ್ನು ಚೆನ್ನಾಗಿ ಬಲ್ಲ ಕನ್ನಡಿಗನೇ ಆ ಕಾಯ್ದೆಯ ವಾಕ್ಯವನ್ನು ಅದರ ಮೂಲದಲ್ಲಿ ಓದಿ ‘ಇಲ್ಲಿ ವಿನಾಯಿತಿಗೆ ಎಡೆಯಿದೆ, ಇಲ್ಲಿಲ್ಲ’ ಎಂದು ಹೇಳಬಲ್ಲ. ಮನವಿ ಕನ್ನಡದಲ್ಲಿರಲಿ, ಅದರ ಜೊತೆ ಶುದ್ಧ ಮಲಯಾಳದ ಒಂದು ಪ್ರತಿಯೂ ಇರಲಿ. ಕೆಲಸ ಮಾಡಿಕೊಟ್ಟ ಅಧಿಕಾರಿಗೆ ಮಲಯಾಳದಲ್ಲೇ ಎರಡು ಸಾಲಿನ ಕೃತಜ್ಞತಾ ಪತ್ರ ಹೋಗಲಿ. ಇದನ್ನು ಓಲೈಕೆಯೆಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ.

ಕಾಸರಗೋಡಿನಲ್ಲಿ ನಾಯಕತ್ವದ ಮಾತು ಬಂದರೆ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಬಾರದಿರದು. ನಾವು ಅವರನ್ನು ಕವಿಯೆಂದು, ವಿಲೀನೀಕರಣ ಹೋರಾಟದ ಕಿಡಿಯೆಂದು ಸ್ಮರಿಸುತ್ತೇವೆ. ವೇದಿಕೆಯ ಮೇಲೆ ಅವರ ಕಾವ್ಯದ ಬೆಂಕಿಯನ್ನಷ್ಟೇ ನೆನೆಯುವವರಿಗೆ ನಾನು ಹೇಳುವುದುಂಟು: ಅವರ ಆತ್ಮಕಥೆಯ ಹೆಸರನ್ನೊಮ್ಮೆ ನೋಡಿ, ‘ದುಡಿತವೇ ನನ್ನ ದೇವರು’. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರು, ತೋಟದಲ್ಲಿ ಕೃಷಿಕರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರು, 1969ರಲ್ಲಿ ಅಧ್ಯಾಪಕರಿಗಾಗಿ ಇರುವ ರಾಷ್ಟ್ರಪ್ರಶಸ್ತಿ ಪಡೆದವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರಿಗೆ ನಲುವತ್ತೊಂದು ವರ್ಷ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಕಾಗದದಲ್ಲೇ ಉಳಿಯಿತು. 2015ರ ಆಗಸ್ಟ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ಕೇರಳದ ಮಣ್ಣಿನಲ್ಲೇ ಕಣ್ಣು ಮುಚ್ಚಿದರು.

ಅಂದರೆ ತಾನು ಬಯಸಿದ್ದು ಕೈಗೂಡದೆ ಐವತ್ತೆಂಟು ವರ್ಷಕ್ಕೂ ಮಿಕ್ಕಿ ಬಾಳಿದ ಮನುಷ್ಯ. ಅಷ್ಟು ಕಾಲವನ್ನು ಕೋಪವೊಂದರಿಂದಲೇ ನೀಗಿಸಲಾಗದು. ನಡುವೆ ಗದ್ದೆಯಿತ್ತು, ತರಗತಿಯಿತ್ತು, ಪಂಚಾಯತಿನ ರಸ್ತೆ ನೀರಿನ ಕೆಲಸವಿತ್ತು, ಬರೆಯುವ ಮೇಜಿತ್ತು. ಅವರ ಬೇಡಿಕೆಯನ್ನು ಒಪ್ಪದವರೂ ಅವರನ್ನು ಗೌರವಿಸುತ್ತಿದ್ದರೆಂದರೆ ಆ ದಿನನಿತ್ಯದ ದುಡಿಮೆಯ ಕಾರಣಕ್ಕೆ. ಸೋಲು ಗೆಲುವಿನ ಫಲಿತಾಂಶ ಬಾರದಿದ್ದರೂ ಮರುದಿನ ಬೆಳಗ್ಗೆ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಹಾಜರಿರುವುದನ್ನು ನಮ್ಮ ಊರಿನಲ್ಲಿ ಕಲಿಸಿಕೊಟ್ಟವರು ಅವರ ತಲೆಮಾರಿನ ಕನ್ನಡ ಮಾಸ್ತರುಗಳು.

ಈಗಿನ ಕಾಲದ ಒಂದು ಚಿಕ್ಕ ವಿಷಯ. ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್ ಗುಂಪಿನಲ್ಲಿ ಒಂದು ಧ್ವನಿಸಂದೇಶ ಬರುತ್ತದೆ: ಕನ್ನಡ ವಿಭಾಗ ಮುಚ್ಚುತ್ತಾರಂತೆ. ಹತ್ತು ನಿಮಿಷದಲ್ಲಿ ಅದು ನಾಲ್ಕು ಪಂಚಾಯತು ಸುತ್ತುತ್ತದೆ. ನಾನು ಕಂಡ ಒಳ್ಳೆಯ ಅಧ್ಯಕ್ಷರೊಬ್ಬರು ರಾತ್ರಿ ಒಂಬತ್ತರ ಮೇಲೆ ಏನನ್ನೂ ಮುಂದಕ್ಕೆ ಕಳುಹಿಸುತ್ತಿರಲಿಲ್ಲ. ಬೆಳಗ್ಗೆ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಆದೇಶದ ಪ್ರತಿ ಇದ್ದರೆ ತರಿಸಿ ಓದಿ, ಅದರ ತಾರೀಕು ಸಂಖ್ಯೆ ಸಹಿತ ಎರಡು ವಾಕ್ಯ ಬರೆಯುತ್ತಿದ್ದರು. ಮೊದಮೊದಲು ಅವರನ್ನು ನಿಧಾನಿಯೆಂದು ಹಾಸ್ಯ ಮಾಡಿದರು. ಎರಡು ವರ್ಷದಲ್ಲಿ ಗುಂಪಿನವರೆಲ್ಲ ಅವರ ಆ ಎರಡು ವಾಕ್ಯಕ್ಕಾಗಿ ಕಾಯತೊಡಗಿದರು.

ಇನ್ನೊಂದು ಕಟುವಾದ ಮಾತು, ಕ್ಷಮಿಸಿ. ತನ್ನ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವುದು ತಂದೆತಾಯಿಯ ಇಷ್ಟ, ಅದನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಆದರೆ ಹಾಗೆ ಕಳುಹಿಸಿದವರು ಕನ್ನಡ ಶಾಲೆ ಉಳಿಸುವ ಸಮಿತಿಯ ಅಧ್ಯಕ್ಷರಾದರೆ ಬೀಡಿ ಕಟ್ಟುವ ಆ ತಾಯಿ ಅವರ ಮಾತನ್ನು ಯಾಕೆ ನಂಬಬೇಕು? ಅವರು ದಾನ ಕೊಡಲಿ, ಸಲಹೆ ಕೊಡಲಿ, ವಾರ್ಷಿಕೋತ್ಸವಕ್ಕೆ ಬರಲಿ. ಆ ಕುರ್ಚಿಯಲ್ಲಿ ಮಾತ್ರ ಸ್ವಂತ ಮಗುವಿನ ಭವಿಷ್ಯವನ್ನು ಅಲ್ಲಿ ಪಣಕ್ಕಿಟ್ಟವರೇ ಕುಳಿತುಕೊಳ್ಳಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದಿರುವುದು ಸುಮ್ಮನಲ್ಲ. ನಮ್ಮಲ್ಲಿ ಆ ಮಹಿಳೆಯರ ಹೆಸರು ಪಟ್ಟಿಯಲ್ಲಿರುತ್ತದೆ, ಸಭೆಯಲ್ಲಿ ಅವರಿಗೆ ಸಿಗುವ ಕೆಲಸ ಚಹಾ ಹಂಚುವುದು.

ಕೊನೆಯದಾಗಿ ಬಿಟ್ಟುಕೊಡುವ ಅಭ್ಯಾಸದ ಬಗ್ಗೆ. ಹೆತ್ತವರ ನಾಯಕತ್ವಕ್ಕೆ ಒಂದು ವಿಚಿತ್ರ ಮಿತಿಯಿದೆ: ಮಗು ಶಾಲೆ ಮುಗಿಸಿದೊಡನೆ ನಾವೂ ಹೊರಗಿನವರಾಗುತ್ತೇವೆ. ಹತ್ತು ವರ್ಷ ಕಲಿತದ್ದು, ಯಾವ ಕಡತ ಯಾವ ಕಚೇರಿಯಲ್ಲಿದೆ, ಯಾವ ಗುಮಾಸ್ತರು ಸಹಾಯ ಮಾಡುತ್ತಾರೆ ಎಂಬ ತಿಳಿವಳಿಕೆ ಎಲ್ಲ ನಮ್ಮೊಂದಿಗೆ ಮನೆಗೆ ಬಂದು ಅಟ್ಟ ಸೇರುತ್ತದೆ. ಹೊಸಬರು ಒಂದರಿಂದ ಆರಂಭಿಸುತ್ತಾರೆ. ಇಲಾಖೆಯಲ್ಲಿ ಹಳೆಯ ಕಡತ ಇರುತ್ತದೆ, ನಮ್ಮಲ್ಲಿ ಇರುವುದಿಲ್ಲ.

ಹಾಗಾಗದಿರಲೆಂದು ನಮ್ಮ ಸಮಿತಿ ಎರಡು ಕ್ರಮಗಳನ್ನು ಇಟ್ಟುಕೊಂಡಿತ್ತು. ಯಾವ ಕಚೇರಿಗೂ ಒಬ್ಬರೇ ಹೋಗಬಾರದು; ಹೋಗುವ ಇಬ್ಬರಲ್ಲಿ ಒಬ್ಬರು ಒಂದನೆಯ ಇಲ್ಲವೆ ಎರಡನೆಯ ತರಗತಿಯ ಮಗುವಿನ ತಂದೆಯೋ ತಾಯಿಯೋ ಆಗಿರಬೇಕು. ಅವರು ಮಾತನಾಡಬೇಕೆಂದಿಲ್ಲ, ನೋಡಿ ಬಂದರೆ ಸಾಕು. ಎರಡನೆಯದು ಒಂದು ತಗಡಿನ ಪೆಟ್ಟಿಗೆ. ಮನವಿಗಳ ನಕಲು, ಸ್ವೀಕೃತಿ ಚೀಟಿಗಳು, ಆದೇಶಗಳು, ಏಪ್ರಿಲ್ ತಿಂಗಳ ಮನೆಭೇಟಿಯ ಪುಸ್ತಕಗಳು ಎಲ್ಲವೂ ವರ್ಷವಾರು ಕಟ್ಟಾಗಿ ಅದರಲ್ಲಿವೆ. ನಾನು ಸಮಿತಿಯಿಂದ ಹೊರಬಂದ ದಿನ ಎರಡು ಕೀಲಿಕೈಗಳಲ್ಲಿ ಒಂದನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟೆವು. ಇನ್ನೊಂದನ್ನು ಪಡೆದವರು ಮೂರನೆಯ ತರಗತಿಯ ಹುಡುಗನೊಬ್ಬನ ತಾಯಿ. ಅವರು ಅಲ್ಲೇ ಪೆಟ್ಟಿಗೆ ತೆರೆದು, ಹಿಂದಿನ ವರ್ಷದ ಮನೆಭೇಟಿಯ ಪುಸ್ತಕ ತೆಗೆದು, ತಮ್ಮ ಬೀದಿಯ ಎರಡು ಮನೆಗಳು ಅದರಲ್ಲಿ ಬಿಟ್ಟುಹೋಗಿವೆ ಎಂದು ತೋರಿಸಿದರು.